ಹರಿದ ಕಿವಿ

"ಟೈಲರಮ್ಮ, ಪಂಪ್ ರೂಮಿನ ಕಡೆ ಒಂದ್ಸಲ ಬಂದು ಹೋಗ್ತೀರಾ?"

ಪಂಪಿನವನು ಬಾಗಿಲ ಹೊರಗೇ ನಿಂತು ಮೆಲ್ಲಗೆ ಕೇಳಿದಾಗ, ಮಿಷನ್ನಿನ ಪೆಡಲಿನ ಮೇಲಿದ್ದ ಟೈಲರಮ್ಮನ ಕಾಲು ತಾನಾಗಿ ನಿಂತಿತು. ಮೆಲ್ಲಗೆ ಮಾತಾಡುವ ಆಸಾಮಿಯೇ ಅಲ್ಲ ಅವನು. ಟ್ಯಾಂಕು ತುಂಬಿ ನಾಲ್ಕು ಹನಿ ಹೊರಗೆ ಚೆಲ್ಲಿದರೆ ಮೂರು ಬ್ಲಾಕಿಗೂ ಕೇಳುವ ಹಾಗೆ ಕೂಗುವವನು. ಅಂಥವನು, ಒಳಗೆ ನೆಲದ ಮೇಲೆ ಕೂತು ಕಾಜಾ ಹಾಕುತ್ತಿದ್ದ ನಾದಿನಿಯ ಕಡೆ ಒಂದು ಓರೆನೋಟ ಬೀರಿ ಗಂಟಲು ತಗ್ಗಿಸಿದನೆಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಟೈಲರಮ್ಮ ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಅವನ ಹಿಂದೆ ನಡೆದಳು.

ಪಂಪ್ ರೂಮು ಮೂರನೇ ಬ್ಲಾಕಿನ ಬೆನ್ನಿಗೆ ಅಂಟಿಕೊಂಡ ಒಂದು ಗೂಡು. ಒಳಗೆ ಎಣ್ಣೆಯ ವಾಸನೆ, ನೆಲದಲ್ಲಿ ಯಾವಾಗಲೂ ಪಸೆ. ಯಾವ ಕಾಲದಲ್ಲೋ ಸುಟ್ಟುಹೋದ ಹಳೇ ಮೋಟರೊಂದು ಮೂಲೆಯಲ್ಲಿ ಬಿದ್ದಿತ್ತು. ಅದರ ಹಿಂದಿನ ಗೋಣಿಚೀಲಗಳ ರಾಶಿಯಿಂದ ಬುಸ್ಸೆಂದು ಸದ್ದು ಬಂತು.

"ಹುಷಾರು, ತಾಯಿ ಅಲ್ಲೇ ಇದೆ" ಎಂದು ಪಂಪಿನವನು ಟಾರ್ಚು ಹಾಕಿದ. "ಮೂರು ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ."

ಟೈಲರಮ್ಮನಿಗೆ ಕಂಡದ್ದು ಒಂದು ಬೆಳಕಿನ ಚಕ್ರ, ಅದರ ನಡುವೆ ಏನೋ ಕಪ್ಪು. ಯಾವ ಬೆಕ್ಕು ಎಂದು ಕೇಳಿದಳು. ನೀವು ಮಸಿ ಅಂತ ಕರೀತೀರಲ್ಲ, ಅದೇ ಎಂದ ಅವನು. ಹಾಗೆಲ್ಲ ಆಗುವುದಕ್ಕೆ ಸಾಧ್ಯವೇ ಇಲ್ಲ, ಮಸಿಗೆ ಆಪರೇಷನ್ ಆಗಿ ಮೂರು ತಿಂಗಳಾಯಿತು, ಬೇಕಾದರೆ ಎಡಗಿವಿ ನೋಡು, ತುದಿ ಕತ್ತರಿಸಿದ್ದಾರೆ ಎಂದಳು ಟೈಲರಮ್ಮ. ಅವನು ಟಾರ್ಚನ್ನು ಹತ್ತಿರ ಹಿಡಿದು ಬಗ್ಗಿದ.

"ಇದು ಕತ್ತರಿಸಿದ್ದಲ್ಲ ಟೈಲರಮ್ಮ. ಹರಿದಿದ್ದು. ಯಾವುದೋ ಬೆಕ್ಕು ಕಚ್ಚಿ ಕಿತ್ತ ಹಾಗಿದೆ. ಅಂಚೆಲ್ಲ ಚಿಂದಿ ಚಿಂದಿ."

ಕತ್ತರಿಸಿದ್ದು ಯಾವುದು, ಹರಿದದ್ದು ಯಾವುದು ಎಂದು ಒಬ್ಬ ಪಂಪಿನವನು ಟೈಲರಿಗೆ ಹೇಳಿಕೊಡಬೇಕಾಯಿತಲ್ಲ! ನಲವತ್ತು ವರ್ಷ ಕತ್ತರಿ ಹಿಡಿದ ಹೆಂಗಸು. ಆ ಮೂರು ಬ್ಲಾಕುಗಳಲ್ಲಿ ಅವಳು ಹೊಲಿದ ಫ್ರಾಕು ಹಾಕದೆ ದೊಡ್ಡವಳಾದ ಹುಡುಗಿಯಿಲ್ಲ, ಅವಳು ಹೊಲಿದ ಯೂನಿಫಾರ್ಮಿನ ಜೇಬು ಹರಿದುಕೊಳ್ಳದ ಗಂಡುಹುಡುಗನಿಲ್ಲ. ಆದರೆ ವಿಷಯ ಬೇರೆಯೇ ಇತ್ತು. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಟೈಲರಮ್ಮನಿಗೆ ಕಣ್ಣು ಹೋಗುತ್ತಿತ್ತು.

ಪೂರ್ತಿ ಕಾಣುವುದಿಲ್ಲ ಎಂದಲ್ಲ. ಎರಡು ವರ್ಷದ ಹಿಂದೆ ನೋಟದ ನಟ್ಟನಡುವೆ ಒಂದು ಮಂಕು ಬಂದು ಕೂತಿತ್ತು, ಕನ್ನಡಿಯ ಮೇಲೆ ಯಾರೋ ಒದ್ದೆ ಹೆಬ್ಬೆರಳು ಒತ್ತಿದ ಹಾಗೆ. ಸುತ್ತಲಿನದು ಕಾಣುತ್ತಿತ್ತು, ನೇರ ದಿಟ್ಟಿಸಿದ್ದು ಮಾತ್ರ ಅಳಿಸಿಹೋಗುತ್ತಿತ್ತು. ಬಾಗಿಲಿಗೆ ಬಂದವರ ಸೀರೆಯೋ ಲಂಗವೋ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ; ದನಿ ಕೇಳಿ ಗುರುತು ಹಿಡಿದು, ಆಮೇಲೆ ಮುಖವಿರುವ ಕಡೆ ತಿರುಗಿ ನಗುತ್ತಿದ್ದಳು. ಕಣ್ಣಿನ ಆಸ್ಪತ್ರೆಯವರು ಇದು ಕನ್ನಡಕಕ್ಕೆ ಬಗ್ಗುವಂಥದ್ದಲ್ಲ, ಹೋದದ್ದು ಬರುವುದಿಲ್ಲ, ಇರುವುದನ್ನು ಆದಷ್ಟು ದಿನ ಉಳಿಸಿಕೊಳ್ಳಬೇಕು ಎಂದಿದ್ದರು. ಆ ಚೀಟಿಯನ್ನು ಅವಳು ಬಟ್ಟೆಯ ಗಂಟಿನ ತಳಕ್ಕೆ ಸೇರಿಸಿ, ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಕಣ್ಣು ಹೋದ ಟೈಲರಿಗೆ ಬಟ್ಟೆ ಕೊಡುವವರು ಯಾರು? ಹೇಗೂ ಹೊಲಿಯುವುದು ಕೈಯೇ ಹೊರತು ಕಣ್ಣಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಿದ್ದಳು. ಅದನ್ನು ನಂಬಿಯೂ ಇದ್ದಳು ಪಾಪ.

ಬೆಕ್ಕುಗಳ ರಗಳೆಗೆ ಅವಳು ತಲೆಕೊಟ್ಟದ್ದು ಅದರ ನಡುವೆಯೇ. ಹಿಂದಿನ ವರ್ಷ ಕ್ವಾರ್ಟರ್ಸಿನ ಹಿತ್ತಲಿನಲ್ಲಿ ಎಲ್ಲಿ ನೋಡಿದರೂ ಬೆಕ್ಕು. ಕಾರಿನ ಅಡಿಯಲ್ಲಿ ಮರಿ, ಮೀಟರ್ ಪೆಟ್ಟಿಗೆಯ ಹಿಂದೆ ಮರಿ, ಬಾಗಿಲ ಮುಂದಿನ ಮ್ಯಾಟಿನ ಮೇಲೆಲ್ಲ ಗಂಡುಬೆಕ್ಕುಗಳ ಗಲೀಜು. ಸಂಘದ ಸೆಕ್ರೆಟರಿ ನಿವೃತ್ತ ಗುಮಾಸ್ತ. ನೀರು ನಿಂತರೂ ನೋಟೀಸು, ನೀರು ಬಂದರೂ ನೋಟೀಸು ಅಂಟಿಸುವ ಖಯಾಲಿಯಿಂದಾಗಿ ಅವರಿಗೆ ಎಲ್ಲರೂ ನೋಟೀಸಪ್ಪ ಎಂದೇ ಹೆಸರಿಟ್ಟಿದ್ದರು. ಅವರು ಬೆಕ್ಕುಗಳನ್ನು ಚೀಲಕ್ಕೆ ತುಂಬಿ ಊರಾಚೆ ಬಿಟ್ಟುಬರುವವರನ್ನು ಗೊತ್ತುಮಾಡಿದ್ದೂ ಆಗಿತ್ತು. ಯಾವತ್ತೂ ಸಭೆಯಲ್ಲಿ ತುಟಿಪಿಟಿಕ್ಕೆನ್ನದ ಟೈಲರಮ್ಮ ಅವತ್ತು ಎದ್ದು ನಿಂತು, ನನಗೆ ಆರು ತಿಂಗಳು ಕೊಡಿ ಎಂದಳು. ಪ್ರಾಣಿಗಳ ಆಸ್ಪತ್ರೆಯಿಂದ ಡಾಕ್ಟರಮ್ಮನನ್ನು ಕರೆಸಿ ಮಾತಾಡಿಸಿದಳು. ಇರುವ ಬೆಕ್ಕುಗಳನ್ನು ಓಡಿಸಿದರೆ ಆ ಜಾಗಕ್ಕೆ ಪಕ್ಕದ ಬೀದಿಯವು ಬಂದು ಸೇರುತ್ತವೆ; ಅದರ ಬದಲು ಒಂದೊಂದನ್ನೇ ಹಿಡಿದು, ಮರಿ ಹಾಕದ ಹಾಗೆ ಆಪರೇಷನ್ ಮಾಡಿಸಿ, ಅಲ್ಲೇ ತಂದು ಬಿಟ್ಟರೆ ಅವೇ ತಮ್ಮ ಜಾಗ ಕಾದುಕೊಂಡು ತೆಪ್ಪಗಿರುತ್ತವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಆಪರೇಷನ್ ಆದದ್ದಕ್ಕೆ ಗುರುತು, ಎಡಗಿವಿಯ ತುದಿಯನ್ನು ನೇರ ಕತ್ತರಿಸುವುದು. ನೋಟೀಸಪ್ಪ ಒಂದು ಷರತ್ತು ಬರೆಸಿದರು: ಆರು ತಿಂಗಳ ಮೇಲೆ ಕ್ವಾರ್ಟರ್ಸಿನಲ್ಲಿ ಒಂದೇ ಒಂದು ಮರಿ ಹುಟ್ಟಿದರೂ ಬೆಕ್ಕುಗಳೆಲ್ಲ ಚೀಲಕ್ಕೆ. ಟೈಲರಮ್ಮ ಸಹಿ ಹಾಕಿದಳು.

ಕೆಲಸ ಹೇಳಿದಷ್ಟು ಸುಲಭದ್ದಲ್ಲ. ಹಸಿದ ಬೆಕ್ಕು ಮಾತ್ರ ಬೋನಿಗೆ ಬರುತ್ತದೆ. ಹಾಗಾಗಿ ಬೋನಿಡುವ ಹಿಂದಿನ ದಿನ ಊಟ ಬಂದ್. ದಿನಾ ಸಂಜೆ ಮೀನಿನ ತಲೆ ಬೇಯಿಸಿ ಹಾಕುವವಳು ಅವಳೇ, ಉಪವಾಸ ಕೆಡವಿ ಹಿಡಿಯುವವಳೂ ಅವಳೇ. ಬರಿಗೈಯಲ್ಲಿ ಹಿತ್ತಲಿಗೆ ಹೋಗಿ, ಕಾಲು ಸುತ್ತುವ ಬೆಕ್ಕುಗಳಿಗೆ ಇವತ್ತಿಲ್ಲ ಕಣ್ರೋ ಎಂದು ಹೇಳಿ ಬರುತ್ತಿದ್ದಳು. ಆ ದಿನ ತಾನೂ ತುತ್ತು ಮುಟ್ಟುತ್ತಿರಲಿಲ್ಲ. ಬೆಕ್ಕಿನ ಜೊತೆ ಸೊಸೆಯರ ಹಾಗೆ ಮುನಿಸಿಕೊಂಡು ಉಪವಾಸ ಕೂತಿದ್ದಾರೆ ನೋಡಿ ನಮ್ಮತ್ತಿಗೆ ಎಂದು ನಾದಿನಿ ಅಣಕಿಸುತ್ತಿದ್ದಳು. ಬೋನಿನ ಬಾಗಿಲು ಧಡಕ್ಕೆಂದು ಬಿದ್ದೊಡನೆ ಮೇಲೆ ಹಳೇ ಪರದೆ ಹೊದಿಸಿ ಕತ್ತಲೆ ಮಾಡಿದರೆ ಬೆಕ್ಕು ಅರಚುವುದು ನಿಲ್ಲಿಸುತ್ತದೆ. ಬಾಡಿಗೆ ಗಾಡಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ಹೀಗೆ ಹದಿಮೂರು ಮುಗಿಸಿದಳು. ಹದಿನಾಲ್ಕನೆಯದು ಮಸಿ. ಮಹಾ ಕಿಲಾಡಿ. ಬೋನಿನ ಹತ್ತಿರ ಬಂದು ಮೂಸಿ, ಬೆನ್ನು ತಿರುಗಿಸಿ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಅದು ಗೋಡೆಯ ಮೇಲೆ ಕೂತಿದ್ದಾಗ ಎಡಗಿವಿ ಮೋಟಾಗಿದ್ದುದು ಟೈಲರಮ್ಮನಿಗೆ ಕಂಡಿತು. ಪಕ್ಕದ ಬೀದಿಯಲ್ಲೂ ಡಾಕ್ಟರಮ್ಮ ಬೋನಿಡಿಸಿದ್ದ ವಾರ ಅದು. ಅಲ್ಲಿ ಸಿಕ್ಕಿಬಿದ್ದು ಆಪರೇಷನ್ ಆಗಿದೆ, ನನ್ನ ಕೈಗೆ ಸಿಗದಿದ್ದರೇನು, ಪೀಡೆ ಕಳೆಯಿತು ಎಂದು ಅವಳು ಹಿಗ್ಗಿಹೋದಳು. ಬೋನನ್ನು ಆಸ್ಪತ್ರೆಗೆ ವಾಪಸು ಕಳಿಸಿದಳು. ಹದಿನಾಲ್ಕೂ ಮುಗಿದವು ಎಂದು ನೋಟೀಸಪ್ಪನವರಿಗೆ ಬರೆದುಕೊಟ್ಟಳು.

ಪಂಪ್ ರೂಮಿನಲ್ಲಿ ಮರಿ ಕಂಡದ್ದು ಶನಿವಾರ; ಮರುದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಬೆಕ್ಕಿನ ವಿಷಯ ಮುಗಿಯಿತೆಂದು ಬರೆದು ಮುಚ್ಚುವುದಕ್ಕೇ ಕರೆದ ಸಭೆ ಅದು.

"ಮೂರೇ ಮೂರು ಮರಿ ಟೈಲರಮ್ಮ" ಎಂದ ಪಂಪಿನವನು. "ನೀವು ಹೂಂ ಅನ್ನಿ ಸಾಕು. ಬೆಳಗಾಗೋದ್ರೊಳಗೆ ಇಲ್ಲಿ ಏನೂ ಇರಲ್ಲ. ನಾನೂ ನೋಡಿಲ್ಲ, ನೀವೂ ನೋಡಿಲ್ಲ."

ಅವನು ಕೆಟ್ಟವನಲ್ಲ. ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವನ ಮೂರು ಮಕ್ಕಳಿಗೂ ಟೈಲರಮ್ಮ ಹೊಲಿದ ಅಂಗಿಯೇ ಆಗಬೇಕು. ಟೈಲರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರು ಮರಿ ಒಂದು ಕಡೆ, ದೊಡ್ಡವು ಹದಿನಾಲ್ಕು ಒಂದು ಕಡೆ. ಹೇಳಿದರೆ ಹದಿನಾಲ್ಕೂ ಚೀಲಕ್ಕೆ. ಯಾಕೆ ತಪ್ಪಿತು ಎಂದು ಕೇಳಿದರೆ ತನ್ನ ಕಣ್ಣಿನ ಗುಟ್ಟೂ ಅದರ ಹಿಂದೆಯೇ. ಹೇಳದಿದ್ದರೆ ಕಣ್ಣು ಬಿಡದ ಮೂರು ಕೂಸು. ಅವುಗಳ ಕುಂಯ್ ಕುಂಯ್ ಸದ್ದು ಗೋಣಿಯ ಒಳಗಿಂದ ಕೇಳಿಸುತ್ತಲೇ ಇತ್ತು.

"ನಾಳೆ ಬೆಳಿಗ್ಗೆ ತನಕ ಸುಮ್ಮನಿರಪ್ಪ" ಎಂದಳು. ಹೂಂ ಎಂದೂ ಅಲ್ಲ, ಉಹೂಂ ಎಂದೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಬಂದಳು.

ಸಂಜೆ ಎಂದಿನ ಹಾಗೆ ಪಾತ್ರೆ ಹಿಡಿದು ಹಿತ್ತಲಿಗೆ ಹೋದಳು. ದಿನವೂ ಅರ್ಧ ಗಂಟೆಯ ಕೆಲಸ. ಬಡಿಸಿ, ಎಲ್ಲಕ್ಕೂ ಸಿಕ್ಕಿತೇ ಎಂದು ನೋಡಿ, ದೊಡ್ಡವುಗಳ ಜಬರದಸ್ತು ಬಿಡಿಸಿ, ಕಲ್ಲು ತೊಳೆದು ಬರುವುದು. ಅವತ್ತು ನಿಲ್ಲಲಾಗಲಿಲ್ಲ. ಕಾಲಿಗೆ ಮೈ ಒರೆಸುತ್ತಿದ್ದ ಬೆಕ್ಕುಗಳನ್ನು ನೋಡುವುದೇ ಅವಳಿಗೆ ಸಂಕಟವಾಯಿತು. ಪಾತ್ರೆಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಹತ್ತೇ ನಿಮಿಷಕ್ಕೆ ತಿರುಗಿ ಬಂದಳು.

ಮನೆಯ ಮೆಟ್ಟಿಲು ಹತ್ತುವಾಗ ಮಿಷನ್ನಿನ ಸದ್ದು ಕೇಳಿಸಿತು. ಅವಳು ನಿಂತಳು. ಆ ಮನೆಯಲ್ಲಿ ಮಿಷನ್ನಿಗೆ ಕೂರುವುದು ಅವಳೊಬ್ಬಳೇ. ನಾದಿನಿಯದು ಕೈಕೆಲಸ: ಕಾಜಾ, ಗುಂಡಿ, ಅಂಚು ಮಡಿಸುವುದು, ಸೂಜಿಗೆ ದಾರ ಪೋಣಿಸಿಡುವುದು. ಅಣ್ಣ ಸತ್ತ ಮೇಲೂ ಅತ್ತಿಗೆಯ ಜೊತೆಯೇ ಉಳಿದವಳು ಅವಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ನಮ್ಮತ್ತಿಗೆಯಂಥ ಗಂಡು ಸಿಗಲಿಲ್ಲ ಎನ್ನುವವಳು. ಮಾತು ಚುರುಕು, ಮಿಷನ್ನು ಮಾತ್ರ ಮುಟ್ಟುವವಳಲ್ಲ ಎಂದೇ ಟೈಲರಮ್ಮ ತಿಳಿದಿದ್ದಳು.

ಬಾಗಿಲು ತೆರೆದೇ ಇತ್ತು. ನಾದಿನಿ ಮಿಷನ್ನಿಗೆ ಬಗ್ಗಿ ಕೂತಿದ್ದಳು. ತೊಡೆಯ ಮೇಲೆ ಬಿಳಿ ರಾಶಿ. ಟೈಲರಮ್ಮ ಅವತ್ತೆಲ್ಲ ಕೂತು ಹೊಲಿದು ಮುಗಿಸಿದ ಶಾಲೆಯ ಅಂಗಿಗಳು ಅವು.

"ಏನೇ ಮಾಡ್ತಿದ್ದೀಯ?"

ನಾದಿನಿ ಬೆಚ್ಚಿದಳು. ಮಿಷನ್ನು ನಿಂತಿತು. "ಒಂದು ಕಾಲರ್ ಸ್ವಲ್ಪ ಓರೆ ಹೋಗಿತ್ತು ಅತ್ತಿಗೆ, ಅಷ್ಟೇ."

ಟೈಲರಮ್ಮ ಬಂದು ನೆಲದಲ್ಲಿ ಕೂತು ಅಂಗಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಳು. ಹೊಲಿಗೆಯ ಗುಂಟ ಬೆರಳಾಡಿಸಿದಳು. ಬಿಚ್ಚಿದ ದಾರದ ಎಳೆಗಳು ಬೆರಳಿಗೆ ಸುತ್ತಿಕೊಂಡವು. ಒಂದು ಕಾಲರ್ ಅಲ್ಲ. ನಾಲ್ಕೈದು ಅಂಗಿಗಳನ್ನು ಬಿಚ್ಚಿಯಾಗಿತ್ತು. ಒಂದನ್ನು ಮತ್ತೆ ಹೊಲಿದೂ ಆಗಿತ್ತು.

"ಎಷ್ಟು ದಿನದಿಂದ ಇದು?"

ನಾದಿನಿ ಪೆಡಲಿನಿಂದ ಕಾಲು ತೆಗೆದಳು. ಟೈಲರಮ್ಮ ಮತ್ತೊಮ್ಮೆ ಕೇಳಿದಳು.

"ಹೋದ ವರ್ಷ ಶಾಲೆ ಶುರುವಾದಾಗಿಂದ" ಎಂದಳು ನಾದಿನಿ. "ನೀವು ಬೆಕ್ಕಿಗೆ ಹಾಕೋಕೆ ಹೋಗ್ತೀರಲ್ಲ, ಆ ಅರ್ಧ ಗಂಟೆ ಸಾಕಾಗ್ತಿತ್ತು. ಮೊದಮೊದಲು."

ಕಣ್ಣು ಹೋದದ್ದು ಟೈಲರಮ್ಮನಿಗೆ ಗೊತ್ತಿತ್ತು. ಕೈ ಹೋದದ್ದು ಗೊತ್ತಿರಲಿಲ್ಲ. ವರ್ಷವಿಡೀ ಗಿರಾಕಿಗಳು ಬಟ್ಟೆ ಒಯ್ದು, ಟೈಲರಮ್ಮ ನಿಮ್ಮ ಕೈ ಕೈಯೇ ಎಂದಾಗಲೆಲ್ಲ ಅವಳು ಒಳಗೊಳಗೆ ಎಷ್ಟು ಬೀಗಿದ್ದಳು! ಕಣ್ಣನ್ನು ಗೆದ್ದೆ ಎಂದುಕೊಂಡಿದ್ದಳು. ಗೆದ್ದದ್ದು ಯಾರು ಎಂಬುದು ಈಗ ತಿಳಿದು, ಅಳುವುದೋ ಸಿಟ್ಟು ಮಾಡುವುದೋ ಗೊತ್ತಾಗದೆ, ಕೈಯಲ್ಲಿದ್ದ ಅಂಗಿಯನ್ನು ಸುಮ್ಮನೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ನನ್ನ ಜೊತೆ ಒಂದು ವರ್ಷ ನಾಟಕ ಆಡಿದೆಯಲ್ಲೇ."

"ಶುರು ಮಾಡಿದ್ದು ನೀವು ಅತ್ತಿಗೆ. ನಾನು ಜೊತೆ ಕೊಟ್ಟೆ."

ಟೈಲರಮ್ಮ ಮಡಿಸಿದ ಅಂಗಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಪಂಪ್ ರೂಮಿನ ವಿಷಯ ಹೇಳಿದಳು. ಮೂರು ಮರಿ ಎಂದರೂ, ಮಸಿ ಎಂದರೂ ನಾದಿನಿ ಅಯ್ಯೋ ಎನ್ನಲಿಲ್ಲ, ಯಾವಾಗ ಎಂದು ಕೇಳಲಿಲ್ಲ. ತಲೆ ತಗ್ಗಿಸಿ ದಾರದ ಎಳೆಗಳನ್ನು ಆರಿಸುತ್ತ ಕೂತಳು. ಅವಳು ಹಾಗೆ ಸುಮ್ಮನೆ ಕೂತದ್ದರಿಂದಲೇ ಟೈಲರಮ್ಮನಿಗೆ ಆ ಮಧ್ಯಾಹ್ನ ನೆನಪಾಯಿತು. ಗೋಡೆಯ ಮೇಲೆ ಮಸಿ ಕೂತಿದ್ದಾಗ ನಾದಿನಿ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದಳು.

"ಅವತ್ತು ನಿನ್ನ ಕೇಳಿದ್ದೆ. ಕಿವಿ ಕತ್ತರಿಸಿದ್ದಾರೆ ಅಲ್ವೇನೇ ಅಂತ."

"ಕೇಳಿದ್ರಿ."

"ಹೌದು ಅಂದೆ ನೀನು."

"ಅಂದೆ."

"ನಿನಗೆ ಕಂಡಿತ್ತಾ?"

ನಾದಿನಿ ಆರಿಸಿದ ಎಳೆಗಳನ್ನು ಉಂಡೆ ಕಟ್ಟಿದಳು. "ಕಿವಿಯ ಮೇಲೆ ರಕ್ತ ಕೂಡ ಒಣಗಿರಲಿಲ್ಲ ಅತ್ತಿಗೆ. ನಾಲ್ಕು ಮಾರು ದೂರದಿಂದ ಯಾರು ನೋಡಿದ್ರೂ ಗೊತ್ತಾಗ್ತಿತ್ತು. ಅಲ್ಲ ಅಂತ ನಾನು ಅಂದಿದ್ರೆ, ನಿಮಗೆ ಕಾಣಲ್ಲ ಅನ್ನೋದನ್ನೂ ಆಗಲೇ ಹೇಳಬೇಕಾಗ್ತಿತ್ತು. ನೀವು ಅಷ್ಟು ಖುಷಿಯಾಗಿದ್ರಿ. ನನ್ನ ಬಾಯಿಗೆ ಬರಲಿಲ್ಲ."

ಒಬ್ಬರ ಮನಸ್ಸು ನೋಯದಿರಲಿ ಎಂದು ಅಂದ ಒಂದು ಹೌದು, ಮೂರು ತಿಂಗಳಲ್ಲಿ ಬೆಳೆದು ಪಂಪ್ ರೂಮಿನ ಗೋಣಿಯಲ್ಲಿ ಕುಂಯ್‌ಗುಡುತ್ತಿತ್ತು. ಟೈಲರಮ್ಮ ಬೈಯಲಿಲ್ಲ. ಬೈದಿದ್ದರೆ ನಾದಿನಿಗೆ ಎಷ್ಟೋ ಹಗುರವಾಗುತ್ತಿತ್ತು. ಇಬ್ಬರೂ ತಟ್ಟೆಯ ಮುಂದೆ ಕೂತು ಎದ್ದರು, ಉಂಡದ್ದು ಅಷ್ಟಕ್ಕಷ್ಟೆ.

ಬೆಳಿಗ್ಗೆ ಮುಖ ತೊಳೆದು ಬಂದ ಟೈಲರಮ್ಮ ನಾದಿನಿಯ ಎದುರು ನಿಂತು ಒಂದೇ ಮಾತು ಹೇಳಿದಳು: "ಇನ್ಮೇಲೆ ನನ್ನ ಹತ್ರ ಕಂಡದ್ದನ್ನ ಕಂಡ ಹಾಗೆ ಹೇಳು. ನನಗೆ ಬೇಜಾರಾಗುತ್ತೆ ಅಂತ ನೋಡಬೇಡ. ಮುಟ್ಟಿ ಹೇಳು." ನಾದಿನಿ ಅವಳ ಕೈ ಮುಟ್ಟಿದಳು.

ಸಂಘದ ಕೋಣೆಯ ಬಾಗಿಲಲ್ಲಿ ಪಂಪಿನವನು ಕಾದಿದ್ದ. ಟೈಲರಮ್ಮ ಹತ್ತಿರ ಬರುತ್ತಲೇ ಏನು ಎಂಬಂತೆ ಹುಬ್ಬೇರಿಸಿದನಂತೆ. ಅದು ಅವಳಿಗೆ ಕಾಣಲಿಲ್ಲ. ಆದರೆ ಅವನು ಅಲ್ಲಿ ನಿಂತಿರುವುದು ಯಾಕೆಂದು ಗೊತ್ತಿತ್ತು. ಬೇಡಪ್ಪ ಎಂದು ತಲೆಯಾಡಿಸಿ ಒಳಗೆ ಹೋದಳು.

ಇಪ್ಪತ್ತು ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಅರ್ಧ ಖಾಲಿ. ನೋಟೀಸಪ್ಪ ಕಡತ ಬಿಚ್ಚಿ, ಬೆಕ್ಕಿನ ವಿಚಾರ ಸುಸೂತ್ರವಾಗಿ ಮುಗಿದಿದೆ, ಇದಕ್ಕಾಗಿ ಟೈಲರಮ್ಮನವರಿಗೆ ಸಂಘದ ಪರವಾಗಿ ಎಂದು ಓದಲು ಶುರುಮಾಡಿದರು. ಆ ಮನುಷ್ಯ ಅಷ್ಟು ಪ್ರೀತಿಯಿಂದ ಯಾವ ನೋಟೀಸನ್ನೂ ಓದಿದ್ದಿಲ್ಲ. ಟೈಲರಮ್ಮ ನಡುವೆಯೇ ಎದ್ದಳು. ಪಂಪ್ ರೂಮಿನಲ್ಲಿ ಮೂರು ಮರಿ ಇವೆ ಎಂದಳು.

ಕೋಣೆ ಗಿಜಿಗುಟ್ಟಿತು. ನಾವು ಆಗಲೇ ಹೇಳಿದ್ದೆವು ಎನ್ನುವವರಿಗೆ ಯಾವ ಊರಲ್ಲೂ ಬರವಿಲ್ಲ. ಅವರೆಲ್ಲ ಒಟ್ಟಿಗೆ ಹೇಳಿದರು. ನೋಟೀಸಪ್ಪ ಕೈಯೆತ್ತಿ ಸದ್ದಡಗಿಸಿದರು. ಅವರಿಗೆ ಸಿಟ್ಟಿಗಿಂತ ಪೇಚಾಟವೇ ಹೆಚ್ಚಾಗಿತ್ತು. ಹದಿನಾಲ್ಕೂ ಆಯಿತೆಂದು ನೀವೇ ಬರೆದುಕೊಟ್ಟಿದ್ದೀರಿ, ಷರತ್ತಿಗೂ ನಿಮ್ಮದೇ ಸಹಿ ಇದೆ, ನಾನೇನು ಮಾಡಲಿ ಹೇಳಿ ಎಂದು ಹಾಳೆಯನ್ನು ಅವಳ ಕೈಗೆ ಕೊಟ್ಟರು.

ಟೈಲರಮ್ಮ ಹಾಳೆಯನ್ನು ಹಿಡಿದುಕೊಂಡಳು. ಮುಖದ ಹತ್ತಿರ ತಂದಳು, ದೂರ ಹಿಡಿದಳು, ತಲೆಯನ್ನು ಓರೆ ಮಾಡಿ ಮಂಕಿನ ಪಕ್ಕದಿಂದ ನೋಡಲು ಹೆಣಗಿದಳು. ಕೊನೆಗೆ ಬೆರಳಿಟ್ಟು, "ಇಲ್ಲಿ ತಾನೆ?" ಎಂದಳು.

ನೋಟೀಸಪ್ಪ ಬಗ್ಗಿ ನೋಡಿದರು. ಬೆರಳಿದ್ದ ಕಡೆ ಏನೂ ಇರಲಿಲ್ಲ. ಖಾಲಿ ಹಾಳೆ.

"ಆಪರೇಷನ್ನಿನ ಕೆಲಸ ತಪ್ಪಲಿಲ್ಲ ಸಾರ್" ಎಂದಳು ಟೈಲರಮ್ಮ. "ಡಾಕ್ಟರಮ್ಮ ಮಾಡಿದ ಹದಿಮೂರರಲ್ಲಿ ಒಂದೂ ಮರಿ ಹಾಕಿಲ್ಲ. ಹದಿನಾಲ್ಕನೇದರ ಕಿವಿ ಹರಿದಿತ್ತು, ಕತ್ತರಿಸಿದೆ ಅಂದ್ಕೊಂಡೆ. ನನಗೆ ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು. ನನ್ನ ಕಣ್ಣಿನ ತಪ್ಪಿಗೆ ಅವನ್ನ ಚೀಲಕ್ಕೆ ಹಾಕಬೇಡಿ."

ಹಿಂದಿನ ಸಾಲಿನಲ್ಲಿ ಒಬ್ಬಾಕೆ ತನ್ನ ಮಗಳ ಫ್ರಾಕಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಹೊಲಿಗೆ ನೋಡಿದಳು. ನೋಡಿದ್ದು ಯಾರಿಗಾದರೂ ಕಂಡಿತೇನೋ ಎಂದು ಕೂಡಲೇ ಬಿಟ್ಟಳು. ಪಕ್ಕದಲ್ಲೇ ಕೂತಿದ್ದ ನಾದಿನಿಗೆ ಅದು ಕಂಡಿತು.

ಬೆಕ್ಕುಗಳು ಉಳಿದವು. ಎರಡು ತಿಂಗಳ ಗಡುವು ಕೊಟ್ಟು ನೋಟೀಸಪ್ಪನವರೇ ಹೊಸ ನೋಟೀಸು ಬರೆದರು, ಪಂಪ್ ರೂಮಿನ ಬಾಗಿಲಿಗೆ ಯಾರೂ ಕೈ ಹಾಕಬಾರದು ಎಂದು ಕೆಳಗೆ ಗೆರೆ ಎಳೆದು ಸೇರಿಸಿದರು. ಮರಿಗಳು ಕಣ್ಣು ಬಿಟ್ಟು, ತಟ್ಟೆಯಲ್ಲಿ ತಿನ್ನುವಷ್ಟಾಗುವವರೆಗೆ ತಾಯಿಯನ್ನು ಹಿಡಿಯುವಂತಿರಲಿಲ್ಲ. ಆಮೇಲೆ ಒಂದು ಮರಿಯನ್ನು ಪಂಪಿನವನೇ ಮನೆಗೆ ಒಯ್ದ. ಎರಡಕ್ಕೆ ಡಾಕ್ಟರಮ್ಮ ಮನೆ ಹುಡುಕಿದರು. ಮಸಿಯನ್ನು ಎರಡು ದಿನ ಉಪವಾಸ ಕೆಡವಿ ಹಿಡಿದದ್ದಾಯಿತು, ಆಪರೇಷನ್ ಆಯಿತು, ಹಿತ್ತಲಿಗೆ ತಂದು ಬೋನಿನ ಬಾಗಿಲು ಎತ್ತಿದಾಗ ಅದು ಹಿಂದೆ ನೋಡದೆ ಗೋಡೆ ಹಾರಿ ಹೋಯಿತು. ಮತ್ತೆ ಊಟಕ್ಕೆ ಬರಲಿಲ್ಲ. ಬರುತ್ತೆ ಬಿಡಿ, ಸಿಟ್ಟು ಇಳಿಯಬೇಕಲ್ಲ ಎಂದರು ಡಾಕ್ಟರಮ್ಮ.

ಆ ಎರಡು ತಿಂಗಳಲ್ಲಿ ಇತ್ತ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಒಬ್ಬರು ಕಣ್ಣಿಗೆ ಆಯಾಸ ಯಾಕೆ ಎಂದು ಕೊಟ್ಟ ಬಟ್ಟೆ ವಾಪಸು ಒಯ್ದರು. ಇನ್ನೊಬ್ಬರು ತಂಗಿ ಹೊಸದಾಗಿ ಹೊಲಿಗೆ ಕಲಿತಿದ್ದಾಳೆ, ಅವಳ ಕೈ ಪಳಗಲಿ ಎಂದರು. ಶಾಲೆಯವರು ಈ ವರ್ಷ ಯೂನಿಫಾರ್ಮು ಬದಲಾಗುತ್ತಿದೆ ಎಂದು ಹೇಳಿಕಳಿಸಿದರು. ಬದಲಾದದ್ದು ಟೈಲರು ಮಾತ್ರ. ಕಟ್ಟಕಡೆಗೆ ಬಂದದ್ದು ನೋಟೀಸಪ್ಪನ ಹೆಂಡತಿ. ಆಕೆಯ ಮೊಮ್ಮಗಳ ಫ್ರಾಕಿನ ಬಟ್ಟೆಯನ್ನು ಸಭೆಗೆ ಮುಂಚೆಯೇ ಕತ್ತರಿಸಿಟ್ಟದ್ದಿತ್ತು. ಆಕೆ ಬಾಗಿಲಲ್ಲಿ ನಿಂತು ಮಾತು ಹುಡುಕುತ್ತಿದ್ದಾಗ ಟೈಲರಮ್ಮನೇ ಕೂರಿ ಎಂದು ಕರೆದಳು. ಮುಂಭಾಗ, ಬೆನ್ನು, ತೋಳು, ಕಾಲರ್ ಎಲ್ಲವನ್ನೂ ಮುಟ್ಟಿ ಮುಟ್ಟಿ ಒಂದರ ಮೇಲೊಂದು ಜೋಡಿಸಿ ಪಿನ್ನು ಚುಚ್ಚಿದಳು. ಯಾರಿಗೆ ಕೊಡುತ್ತೀರೋ ಅವರಿಗೆ ಹೇಳಿ, ಬೆಳೆಯುವ ಹುಡುಗಿ, ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದೇನೆ, ಕತ್ತರಿಸಿ ಬಿಸಾಡಬಾರದು ಎಂದಳು. ಆ ಹೆಂಗಸು ಹೂಂ ಹೂಂ ಎಂದು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಬಟ್ಟೆಯನ್ನು ಎದೆಗವಚಿಕೊಂಡು ಹೋದಳು.

ನಾನೇ ಹೊಲಿಯುತ್ತೇನೆ, ನೀವು ಹೇಳಿಕೊಡಿ ಎಂದು ನಾದಿನಿ ಹಠ ಹಿಡಿದು ನೋಡಿದ್ದಳು. ಆದರೆ ಹೊಲಿಗೆ ಬೇರೆ, ಕತ್ತರಿ ಬೇರೆ. ಅಳತೆ ನೋಡಿ ಬಟ್ಟೆಗೆ ಕತ್ತರಿ ಇಡುವ ಧೈರ್ಯ ಅವಳಿಗೆ ಬರಲಿಲ್ಲ. ಪೇಟೆಯ ದೊಡ್ಡ ಅಂಗಡಿಯಿಂದ ಕಾಜಾ, ಗುಂಡಿಯ ಕೆಲಸ ತರಲು ಶುರುಮಾಡಿದಳು. ಬಿಚ್ಚಿ ಹೊಲಿಯುವುದು ಏನೂ ಉಳಿದಿರಲಿಲ್ಲ. ಸಂಜೆಯ ಆ ಅರ್ಧ ಗಂಟೆ ಖಾಲಿ ಬಿತ್ತು. ಹಾಗಾಗಿ ಒಂದು ದಿನ ಟೈಲರಮ್ಮ ಪಾತ್ರೆ ಎತ್ತಿಕೊಂಡಾಗ ಅವಳೂ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟಳು.

ಹಿತ್ತಲಿನಲ್ಲಿ ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಪಾತ್ರೆಯ ಸದ್ದಿಗೆ ಬೆಕ್ಕುಗಳು ಒಂದೊಂದಾಗಿ ಬಂದವು. ಟೈಲರಮ್ಮ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೊಟ್ಟಮೊದಲ ಸಲ, ಯಾವ್ಯಾವುದು ಬಂದಿದೆ ಹೇಳೇ ಎಂದಳು. ನಾದಿನಿ ಹೇಳುತ್ತ ಹೋದಳು. ಕುಂಟ ಬಂದ. ಬೂದಿ ಬಂತು. ಮಚ್ಚೆಯೂ ಅದರ ಅಕ್ಕನೂ ಬಂದರು, ಎಂದಿನ ಹಾಗೆ ಜಗಳ. ಹಳದಿಯವನು ಮೀಸೆ ಎಲ್ಲ ಮಣ್ಣು ಮಾಡಿಕೊಂಡು ಬಂದಿದ್ದಾನೆ. ಟೈಲರಮ್ಮ ಒಂದೊಂದು ಹೆಸರಿಗೂ ನಗುತ್ತ ತಲೆಯಾಡಿಸಿದಳು. ಹದಿಮೂರು ಆದ ಮೇಲೆ ನಾದಿನಿ ನಿಲ್ಲಿಸಿದಳು.

ಟೈಲರಮ್ಮ ಇನ್ನೂ ಗೋಡೆಯ ಕಡೆಯೇ ನೋಡುತ್ತಿದ್ದಳು. ನೇರ ಅಲ್ಲ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಲ್ಲಿ. ಪಾತ್ರೆಯಿಂದ ಒಂದು ದೊಡ್ಡ ಮೀನಿನ ತುಂಡನ್ನು ಆಗಲೇ ತೆಗೆದು ಬೇರೆ ಇಟ್ಟುಕೊಂಡಿದ್ದಳು. ಅದನ್ನು ಅಂಗೈಯಲ್ಲಿಟ್ಟು ಕೈ ಚಾಚಿದಳು.

"ಅಲ್ಲಿ ಗೋಡೆ ಬುಡದಲ್ಲಿ ಕಪ್ಪಗೆ ಒಂದು ಕೂತಿದೆಯಲ್ಲ" ಎಂದಳು ಪಿಸುಮಾತಿನಲ್ಲಿ. "ಆವಾಗಿಂದ ನೋಡ್ತಿದ್ದೀನಿ, ಹತ್ರ ಬರ್ತಾ ಇಲ್ಲ. ಮಸಿ ತಾನೆ?"

ನಾದಿನಿ ನೋಡಿದಳು. ಅತ್ತಿಗೆಯ ಮುಖವನ್ನೂ ನೋಡಿದಳು. ಆ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಬಂದಿತ್ತು. ಹೌದು ಎನ್ನುವ ಮಾತು ಅವಳ ತುಟಿಯ ತನಕ ಬಂದೇ ಬಂತು. ಅದನ್ನು ನುಂಗಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬೆಕ್ಕಲ್ಲ ಅತ್ತಿಗೆ" ಎಂದಳು. "ಬಕೆಟ್ಟು. ಯಾರೋ ಬೋರಲು ಹಾಕಿ ಹೋಗಿದ್ದಾರೆ."

"ಓ" ಎಂದಳು ಟೈಲರಮ್ಮ.

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೆಕ್ಕುಗಳು ತಿನ್ನುತ್ತಿದ್ದವು. ನಾದಿನಿ ಪಕ್ಕದಲ್ಲಿ ಕೂತು, ಅವಳ ಮೊಣಕೈಗೆ ತನ್ನ ಕೈಯನ್ನು ಆನಿಸಿ ಹಿಡಿದಳು.